ಪಾನನಿಷೇಧದ ಕಾಲದಲ್ಲೇ ಮದ್ಯದ ಕಂಪನಿ ಕೊಂಡ ವಿಠಲ ಮಲ್ಯ

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಯಾವ ಊರಿನ ಬ್ರಾಂಡಿ ಅಂಗಡಿಗೆ ಹೋದ್ರೂ ಮ್ಯಾಕ್‌ಡೊವೆಲ್ ಹೆಸರಿನ ಬಾಟ್ಲಿ ಕಾಣುತ್ತೆ. ಹೆಸರು ಬಿಳಿಯರದ್ದು. ಅದನ್ನ ದೊಡ್ಡ ವ್ಯಾಪಾರ ಮಾಡಿದವರು ಮಾತ್ರ ಬಂಟ್ವಾಳ ಮೂಲದ ಮನೆತನದ ವಿಠಲ ಮಲ್ಯ.

ಮಲ್ಯ ಹುಟ್ಟಿದ್ದು 1924ರಲ್ಲಿ, ದೂರದ ಢಾಕಾದಲ್ಲಿ. ತಂದೆ ಗಣಪತಿ ಮಲ್ಯ ಸೈನ್ಯದಲ್ಲಿ ಡಾಕ್ಟರು. ಓದಿದ್ದು ಡೆಹ್ರಾಡೂನ್, ಕಲ್ಕತ್ತದಲ್ಲಿ. ಓದು ಮುಗಿಸಿದವರು ನೌಕರಿ ಹುಡುಕಲಿಲ್ಲ, ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯ ಶೇರು ಕೊಳ್ಳೋಕೆ ಶುರು ಮಾಡಿದರು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಕಟ್ಟಿದ ಕಂಪನಿ ಅದು. ಗೋರಾ ಸಿಪಾಯಿಗಳಿಗೆ ಎತ್ತಿನ ಗಾಡಿಯಲ್ಲಿ ಬಿಯರ್ ಪೀಪಾಯಿ ಹೋಗ್ತಿದ್ದ ಕಾಲ. 1947ರಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿದಾಗ ಮಲ್ಯ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರ್ ಆದರು. ಮರುವರ್ಷವೇ ಅಧ್ಯಕ್ಷ. ವಯಸ್ಸು ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ.

ಆದರೆ ಅದು ಎಂಥ ವರ್ಷ! 1948ರ ಗಾಂಧಿ ಜಯಂತಿ ಹೊತ್ತಿಗೆ ಇಡೀ ಮದ್ರಾಸ್ ರಾಜ್ಯದಲ್ಲಿ ಪಾನನಿಷೇಧ. 1953ರವರೆಗೆ ಮದ್ರಾಸಿಗೇ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯೂ ಒಣಗಿತು. ಮದ್ಯದ ವ್ಯಾಪಾರ ಮುಳುಗಿತು ಅಂತ ಜನ ಕೈ ತೊಳೆದುಕೊಳ್ಳೋ ಹೊತ್ತಿನಲ್ಲಿ, 1951ರಲ್ಲಿ, ಮಲ್ಯ ಮದ್ರಾಸಿನ ಮ್ಯಾಕ್‌ಡೊವೆಲ್ ಕಂಪನಿಯನ್ನೇ ಕೊಂಡರು. 1826ರಿಂದ ಸೀಮೆಯಿಂದ ಹಡಗಿನಲ್ಲಿ ವೈನು, ಮದ್ಯ, ಚುಟ್ಟಾ ತರಿಸಿ ಮಾರುತ್ತಿದ್ದ ಹಳೇ ಮಳಿಗೆ ಅದು. ಬೀಳು ಬಿದ್ದ ಹೊಲ ಅಗ್ಗಕ್ಕೆ ಹಿಡಿದು ಮಳೆಗೆ ಕಾಯೋ ರೈತನ ಲೆಕ್ಕಾಚಾರ. ಧೈರ್ಯವೂ ಹೌದು, ಜೂಜೂ ಹೌದು.

ಹೊರದೇಶದ ಮಾಲಿಗೆ ಸರ್ಕಾರ ತಡೆ ಹಾಕಿದ ಮೇಲೆ ತರಿಸಿ ಮಾರೋ ದಾರಿ ಮುಚ್ಚಿತು. ಆಗ ಮಲ್ಯ ಇಲ್ಲೇ ತಯಾರಿಸೋಕೆ ನಿಂತರು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮ್ಯಾಕ್‌ಡೊವೆಲ್‌ನ ಮೊದಲ ಡಿಸ್ಟಿಲರಿ ಎದ್ದಿತು. 1960ರ ದಶಕ ಮುಗಿಯೋ ಹೊತ್ತಿಗೆ ಮೈಸೂರು ರಾಜ್ಯದಲ್ಲೂ ನಿಷೇಧ ಸಡಿಲಾಯ್ತು. ಹೊಲಕ್ಕೆ ಮಳೆ ಬಂತು. ಅದಕ್ಕೆ ಎಷ್ಟು ಮನೆಗಳು ಬೆಲೆ ತೆತ್ತವು ಅನ್ನೋದು ಕಂಪನಿ ಲೆಕ್ಕದ ಪುಸ್ತಕದಲ್ಲಿ ಸಿಗೋದಿಲ್ಲ.

ಮಲ್ಯ ಮದ್ಯವನ್ನೊಂದೇ ನಂಬಿ ಕೂತವರಲ್ಲ. ಕಿರಾಣಿ ಅಂಗಡಿಯವರು ದಿನಾ ಮಾರೋ ಕಿಸಾನ್ ಜಾಮ್ ಕೂಡ ಒಂದು ಕಾಲಕ್ಕೆ ಅವರ ಗುಂಪಿನದೇ. ಇಷ್ಟೆಲ್ಲ ಇದ್ದೂ ಪೇಪರಿನವರ ಕಣ್ಣಿಗೆ ಬೀಳದ ಆಸಾಮಿ. ಮೆರವಣಿಗೆ, ಆಡಂಬರ ಆಗುತ್ತಿರಲಿಲ್ಲ. 1977ರಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ದೇಶಕ್ಕೆಲ್ಲ ಪಾನನಿಷೇಧ ತರ್ತೀನಿ ಅಂತ ಹೊರಟಾಗಲೂ ಈ ಮನುಷ್ಯ ವ್ಯಾಪಾರ ಬಿಟ್ಟು ಓಡಲಿಲ್ಲ.

1983ರ ಅಕ್ಟೋಬರ್‌ನಲ್ಲಿ, 59ನೇ ವಯಸ್ಸಿಗೆ ಮಲ್ಯ ತೀರಿಕೊಂಡರು. 27 ವರ್ಷದ ಮಗ ವಿಜಯ ಮಲ್ಯ ಕುರ್ಚಿಗೆ ಬಂದರು. ಮಗನ ಕಾಲದಲ್ಲಿ ಕಂಪನಿ ಇನ್ನೂ ಬೆಳೆಯಿತು, ವಿಮಾನವೂ ಹಾರಿತು. ಆ ಕಿಂಗ್‌ಫಿಷರ್ ವಿಮಾನ 2012ರಲ್ಲಿ ಸಾಲದ ಹೊರೆಯಲ್ಲಿ ನಿಂತುಹೋಯ್ತು. ಮ್ಯಾಕ್‌ಡೊವೆಲ್ ತಯಾರಿಸೋ ಕಂಪನಿ ಬ್ರಿಟನ್ನಿನ ಡಿಯಾಜಿಯೊ ಕೈಗೆ, 2021ರಲ್ಲಿ ಬಿಯರ್ ಕಂಪನಿ ಹಾಲೆಂಡಿನ ಹೈನೆಕೆನ್ ಕೈಗೆ ಹೋದವು. ಅಪ್ಪ ಬಿಳಿಯರಿಂದ ಕೊಂಡದ್ದು ಮತ್ತೆ ಪರದೇಶದವರ ಪಾಲಾಯ್ತು. ಬೆಂಗಳೂರಿನಲ್ಲಿ ಯುಬಿ ಸಿಟಿ ಕಟ್ಟಡಗಳು ನಿಂತಿರೋದು ವಿಠಲ ಮಲ್ಯ ರಸ್ತೆಯಲ್ಲಿ.