ಕಾಟಕಾಯಿ ಅಲ್ಲ, ರೈತರ ಬಂಡಾಯ! ಊರಿನ ಚರಿತ್ರೆ ಉಳಿಸಿದ ಕುಲ್ಕುಂದದ ನಿರಂಜನ

ಹುಟ್ಟಿದ ಊರು ಒಂದೇ, ತಾಲೂಕು ಮಾತ್ರ ಮೂರು! ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದ ಮೊದಲು ಪುತ್ತೂರು ತಾಲೂಕಿನಲ್ಲಿತ್ತು. ಆಮೇಲೆ ಸುಳ್ಯಕ್ಕೆ ಹೋಯಿತು. ಈಗ ಕಡಬಕ್ಕೆ ಸೇರಿದೆ. ದನದ ಜಾತ್ರೆಗೆ ಹೆಸರಾಗಿದ್ದ ಈ ಊರಿನಲ್ಲಿ 1924ರ ಜೂನ್ 15ರಂದು ಶಿವರಾಯ ಎಂಬ ಹುಡುಗ ಹುಟ್ಟಿದ. ಈ ಶಿವರಾಯರನ್ನೇ ಮುಂದೆ ಇಡೀ ಕರ್ನಾಟಕ ನಿರಂಜನ ಎಂದು ಕರೆಯಿತು.

ಬೆಂಗಳೂರಿನ ಬಾಡಿಗೆ ಮನೆಗಳ ಬದುಕನ್ನು ಹೇಳುವ 'ರಂಗಮ್ಮನ ವಠಾರ' ಓದಿದವರು ಬಹಳ ಮಂದಿ. ಆದರೆ ಈ ಮೂರು ತಾಲೂಕಿನವರ ಮೇಲೆ ನಿರಂಜನರ ಬೇರೆಯೇ ಒಂದು ಋಣವಿದೆ. ನಮ್ಮ ಮುತ್ತಜ್ಜಂದಿರ ಮೇಲಿದ್ದ ಕಳಂಕ ತೊಳೆಯಲು ಪೆನ್ನು ಹಿಡಿದವರಲ್ಲಿ ಅವರೂ ಒಬ್ಬರು. ಏನದು ಕಳಂಕ ಅಂತೀರಾ?

ತೆರಿಗೆಗೆ ಕಾಸೇ ಬೇಕು!

1834ರಲ್ಲಿ ಕಂಪೆನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಅರಸನ ಕೈಕೆಳಗಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸನ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲುತ್ತಿತ್ತು. ಕಂಪೆನಿಯವರು ಮಾತ್ರ ಭತ್ತ ಬೇಡ, ಕಾಸೇ ಬೇಕು ಅಂತ ಪಟ್ಟು ಹಿಡಿದರು. ಕಾಡಿನ ನಡುವಿನ ಬೇಸಾಯಗಾರ ಕಾಸು ಎಲ್ಲಿಂದ ತರಬೇಕು? ಕೈಗೆ ಸಿಕ್ಕ ಕ್ರಯಕ್ಕೆ ಭತ್ತ ಮಾರಬೇಕು, ಇಲ್ಲವೇ ಸಾಲ ಎತ್ತಬೇಕು.

1837ರಲ್ಲಿ ಜನ ಸಿಡಿದೆದ್ದರು. ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಒಬ್ಬರು. ಪುಟ್ಟಬಸಪ್ಪ ಎಂಬವನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ದಂಡಿನ ಮುಂದೆ ನಡೆದ. ಬೆಳ್ಳಾರೆಯ ಖಜಾನೆ ಇವರ ವಶವಾಯಿತು. ಪುತ್ತೂರು, ಪಾಣೆಮಂಗಳೂರು ದಾಟಿ ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ಇಂಗ್ಲಿಷ್ ಅಧಿಕಾರಿಗಳು ಕಣ್ಣಾನೂರಿನ ಕಡೆಗೆ ಕಾಲ್ತೆಗೆದರು. 13 ದಿನ ಮಂಗಳೂರಿನಲ್ಲಿ ಕಂಪೆನಿಯ ಆಟ ನಡೆಯಲಿಲ್ಲ.

ಹೊರಗಿನಿಂದ ಸೈನ್ಯ ಬಂದ ಮೇಲೆ ಎಲ್ಲವೂ ಮುಗಿಯಿತು. ನಂದಾವರದ ಲಕ್ಷ್ಮಪ್ಪ ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು.

ಇಷ್ಟೆಲ್ಲ ಆದ ಮೇಲೆ ಊರಿನವರ ಬಾಯಲ್ಲಿ ಉಳಿದದ್ದು ಏನು? 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಗೆದ್ದವನ ದಫ್ತರದಲ್ಲಿ ಸೋತವನು ಕಳ್ಳನೇ ತಾನೆ? ಕಂದಾಯ ಕೊಡಲಾರದೆ ಎದ್ದು ನಿಂತವರ ಮೊಮ್ಮಕ್ಕಳೇ ತಮ್ಮ ಅಜ್ಜಂದಿರ ಕಥೆಯನ್ನು ಲೂಟಿಯ ಕಥೆ ಎಂದು ಹೇಳುವ ಹಾಗಾಯಿತು.

ಅಮೆರಿಕದಲ್ಲೂ ಇದೇ ಗೋಳು

ಇಂಥದ್ದೇ ಒಂದು ಸಂಗತಿ ಇದಕ್ಕೆ 50 ವರ್ಷ ಮೊದಲು ಅಮೆರಿಕದಲ್ಲಿ ನಡೆದಿತ್ತು. ಮ್ಯಾಸಚೂಸೆಟ್ಸ್ ಎಂಬ ರಾಜ್ಯದ ಪಶ್ಚಿಮ ಭಾಗದ ರೈತರು 1786ರಲ್ಲಿ ಎದ್ದರು. ಅಲ್ಲೂ ಅದೇ ತಕರಾರು. ಸಾಲ ಮತ್ತು ತೆರಿಗೆಗೆ ಲೋಹದ ನಾಣ್ಯವೇ ಆಗಬೇಕು, ರೈತನ ಕೈಯಲ್ಲಿ ನಾಣ್ಯವಿಲ್ಲ. ಡೇನಿಯಲ್ ಶೇಸ್ ಎಂಬ ಮಾಜಿ ಸೈನಿಕ ಮುಂದಾಳು. 1787ರಲ್ಲಿ ಸರಕಾರ ಅವರನ್ನೂ ಬಗ್ಗುಬಡಿಯಿತು. ಆದರೆ ಆ ದೇಶದ ಶಾಲೆಗಳಲ್ಲಿ ಮಕ್ಕಳು ಆ ಬಂಡಾಯದ ಪಾಠ ಓದುತ್ತಾರೆ. ನಮ್ಮಲ್ಲಿ ಉಳಿದದ್ದು ಕಾಟಕಾಯಿ ಎಂಬ ಮಾತು!

ನಿರಂಜನರು ಕೈ ಹಾಕಿದ್ದು ಇಲ್ಲಿಗೇ. 1837ರ ದಂಗೆಯನ್ನು ಇಟ್ಟುಕೊಂಡು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಕೊಡಗಿನಲ್ಲಿ ಕಂಪೆನಿಗೆ ಎದುರು ನಿಂತ ಇನ್ನೊಬ್ಬನ ಮೇಲೆ 'ಸ್ವಾಮಿ ಅಪರಂಪಾರ' ಬರೆದರು. ಲೂಟಿಕೋರರೆಂದು ಹೆಸರು ಕೆಟ್ಟವರು ಈ ಪುಸ್ತಕಗಳಲ್ಲಿ ಮನುಷ್ಯರಾಗಿ ಎದ್ದು ಬಂದರು. ಕಾದಂಬರಿ ಎಂದರೆ ಕಾದಂಬರಿ, ಸರಕಾರಿ ದಾಖಲೆ ಅಲ್ಲ, ಸರಿ. ಆದರೆ ದಪ್ಪ ಚರಿತ್ರೆ ಪುಸ್ತಕ ಮುಟ್ಟದವರೂ ಕಥೆ ಓದುತ್ತಾರೆ. ಇದು ಅವರಿಗೆ ಗೊತ್ತಿತ್ತು.

ಕಣ್ಣೆದುರಿನ ಕಯ್ಯೂರು

ಚರಿತ್ರೆ ಅಂದರೆ ಹಳೆಯ ಅರಸರ ಕಥೆ ಮಾತ್ರವಲ್ಲ ಎಂಬುದನ್ನು ನಿರಂಜನರು ಎಳೆಯ ಪ್ರಾಯದಲ್ಲೇ ಕಂಡರು. ಸುಳ್ಯದಲ್ಲಿ ಓದಿದ ಹುಡುಗ ಹೈಸ್ಕೂಲಿಗೆ ನೀಲೇಶ್ವರಕ್ಕೆ ಹೋದ. ಅಲ್ಲಿಗೆ ಕಯ್ಯೂರು ದೂರವೇನಲ್ಲ. ಆಗ ಅದೂ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಯೇ. 1941ರ ಮಾರ್ಚಿನಲ್ಲಿ ಕಯ್ಯೂರಿನ ಬೇಸಾಯಗಾರರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಆ ಕೇಸಿನಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣಾನೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಶಿವರಾಯನಿಗೆ ಆಗ 18 ವರ್ಷ.

12 ವರ್ಷ ಕಳೆದು 1955ರಲ್ಲಿ 'ಚಿರಸ್ಮರಣೆ' ಬಂತು. ಮರುವರ್ಷವೇ ರಾಜ್ಯಗಳ ಗಡಿ ಬದಲಾಗಿ ಕಯ್ಯೂರು ಕೇರಳಕ್ಕೆ ಹೋಯಿತು. ಊರು ಹೋದರೂ ಕಥೆ ಕನ್ನಡದಲ್ಲಿ ಉಳಿಯಿತು. ಮಲಯಾಳದವರೂ ಅದನ್ನು ತಮ್ಮ ಭಾಷೆಗೆ ತಂದುಕೊಂಡು ಓದಿದರು.

ನಿರಂಜನರ ಬದುಕೇನೂ ಹೂವಿನ ಹಾಸಿಗೆಯಲ್ಲ. ಪತ್ರಿಕೆಯ ಕೆಲಸ, ಕಮ್ಯುನಿಸ್ಟ್ ಪಕ್ಷದ ಓಡಾಟ, ತಲೆಮರೆಸಿಕೊಂಡ ದಿನಗಳು, ಪ್ರಗತಿಶೀಲ ಸಾಹಿತಿಗಳ ಸಂಗಡ ಜಗಳ, ಸ್ನೇಹ ಎಲ್ಲವೂ ಇತ್ತು. 1956ರಲ್ಲಿ ಡಾಕ್ಟರೂ ಲೇಖಕಿಯೂ ಆದ ಅನುಪಮಾ ಅವರ ಕೈ ಹಿಡಿದರು. ಮುಂದೆ ಪಾರ್ಶ್ವವಾಯು ಬಡಿಯಿತು. ಆದರೂ ಕೆಲಸ ನಿಲ್ಲಿಸಿದವರಲ್ಲ. ಹುಡುಗರಿಗಾಗಿ 7 ಸಂಪುಟಗಳ 'ಜ್ಞಾನ ಗಂಗೋತ್ರಿ' ಸಂಪಾದಿಸಿದ್ದ ಅವರು, ದೇಶ ದೇಶಗಳ ಕಥೆಗಳನ್ನು ಕನ್ನಡಕ್ಕೆ ತರುವ 25 ಸಂಪುಟಗಳ 'ವಿಶ್ವ ಕಥಾಕೋಶ'ವನ್ನೂ ಹೊರತಂದರು. ಗೊತ್ತಿದ್ದದ್ದು ತನ್ನಲ್ಲೇ ಉಳಿಯಬಾರದು, ನಾಲ್ಕು ಮಂದಿಗೆ ಹಂಚಬೇಕು ಎಂಬುದೇ ಅವರ ಹಟ. 1992ರಲ್ಲಿ ತೀರಿಕೊಂಡರು.

ಗುಜರಿಗೆ ಹಾಕಬೇಡಿ

ಆಮೇಲೆ ಕಾಲ ಬದಲಾಯಿತು. ಸಂಶೋಧಕರು, ನಾಟಕದವರು, ಊರಿನ ಹಿರಿಯರು 1837ರ ದಂಗೆಯನ್ನು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎಂದೇ ಕರೆದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು. ಕಾಟಕಾಯಿ ಎಂಬ ಮಾತಿಗೆ ಈಗ ಕಿಮ್ಮತ್ತು ಕಡಿಮೆ.

ಆದರೆ ಪ್ರತಿಮೆ ನಿಂತಿತು ಅಂತ ಕೆಲಸ ಮುಗಿಯಿತೇ? ಹಳೆಯ ಮನೆಗಳ ಅಟ್ಟದಲ್ಲಿ ಕಂದಾಯದ ರಸೀದಿ, ಗೇಣಿ ಚೀಟು, ತಾಳೆಗರಿ ಕಟ್ಟು ಇನ್ನೂ ಇದ್ದಾವು. ಮನೆ ಕೆಡವುವಾಗ ಇವು ಗುಜರಿಗೆ ಹೋಗುತ್ತವೆ. ಹಳೆಯ ಅಂಗಡಿಗಳ ಲೆಕ್ಕದ ಪುಸ್ತಕದ ಹಾಳೆ ಪೊಟ್ಟಣ ಕಟ್ಟಲು ಹೋಗುತ್ತದೆ. ಯಾವ ವರ್ಷ ಭತ್ತದ ಕ್ರಯ ಎಷ್ಟಿತ್ತು, ಯಾರು ಎಷ್ಟು ಸಾಲ ಮಾಡಿದ್ದರು ಎಂಬುದಕ್ಕೆ ಸಾಕ್ಷಿ ಹೇಳುವುದು ಆ ಹಾಳೆಗಳೇ. ನಾವು ಇಟ್ಟುಕೊಳ್ಳದಿದ್ದರೆ ನಮ್ಮ ಕಥೆ ಇನ್ನೊಮ್ಮೆ ಬೇರೆಯವರ ದಫ್ತರದಿಂದಲೇ ಬರಬೇಕಾದೀತು.

ಪುತ್ತೂರು, ಸುಳ್ಯ, ಕಡಬದ ಲೈಬ್ರರಿಗಳ ಕಪಾಟಿನಲ್ಲಿ 'ಕಲ್ಯಾಣಸ್ವಾಮಿ'ಯ ಒಂದೊಂದು ಪ್ರತಿ ಇದೆಯೇ? ಸುಬ್ರಹ್ಮಣ್ಯದ ಬಸ್ಸು ಹತ್ತುವವರು ಒಮ್ಮೆ ಹೋಗಿ ಕೇಳಿ ನೋಡಲಿ. ಇಲ್ಲವಾದರೆ ತರಿಸುವಂತೆ ಹೇಳಲಿ. ಕುಲ್ಕುಂದದ ಶಿವರಾಯರ ಋಣ ಅಷ್ಟಾದರೂ ತೀರಲಿ.