ಪೂನಾ ಒಪ್ಪಂದದಲ್ಲಿ ಸಿಕ್ಕ ಬೌಲರ್

ಡಿಗ್ರಿ ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಹೊಳೆನರಸೀಪುರ ತಾಲ್ಲೂಕಿನ ನಮ್ಮೂರಿನಿಂದ ಹಾಸನಕ್ಕೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಭಾನುವಾರ ಮಾತ್ರ ಪುಸ್ತಕ ಮುಚ್ಚಿಟ್ಟು ಕ್ರಿಕೆಟ್‌ಗೆ ಹೋಗುತ್ತೇನೆ. ನಾನು ಎಡಗೈ ಸ್ಪಿನ್ನರ್. ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಟೂರ್ನಮೆಂಟ್ ಇದ್ದರೂ ತಂಡದ ಜತೆ ಹೋಗುವುದು ಖಾಯಂ. ಪ್ರಾಕ್ಟೀಸಿನಲ್ಲಿ ಎಲ್ಲರಿಗೂ ಚೆಂಡು ಹಾಕುವವನು ನಾನೇ. ಆದರೆ ಹನ್ನೊಂದು ಜನರ ಪಟ್ಟಿಯಲ್ಲಿ ನನ್ನ ಹೆಸರು ಬರುವುದು ಅಪರೂಪ.

ಒಂದು ದಿನ 1932ರ ಪೂನಾ ಒಪ್ಪಂದದ ಬಗ್ಗೆ ನೋಟ್ಸ್ ಮಾಡಿಕೊಳ್ಳುತ್ತಿದ್ದೆ. ಸಹಿ ಹಾಕಿದವರಲ್ಲಿ ಪಿ. ಬಾಲೂ ಎಂಬ ಹೆಸರಿತ್ತು. ಯಾರಿವರು ಎಂದು ಹುಡುಕಿದರೆ ಕ್ರಿಕೆಟಿಗ! ಅದೂ ಎಡಗೈ ಸ್ಪಿನ್ನರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಅವತ್ತು ನೋಟ್ಸ್ ಅಲ್ಲಿಗೇ ನಿಂತಿತು.

ಪಲ್ವಂಕರ್ ಬಾಲೂ ಅವರದು ಕೊಂಕಣ ಮೂಲದ ಚಮ್ಮಾರ ಕುಟುಂಬ. ಬಾಲೂ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು ಅವರ ಮೊದಲ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು, ಸಂಬಳ 4 ರೂಪಾಯಿ ಆಯಿತು. ಅಲ್ಲಿ ನೆಟ್ಸ್ ಕಟ್ಟುವುದರ ಜತೆಗೆ ದೊರೆಗಳಿಗೆ ಬೌಲಿಂಗ್ ಮಾಡುವ ಅವಕಾಶವೂ ಸಿಕ್ಕಿತು. ಗ್ರೇಗ್ ಎಂಬ ದೊಡ್ಡ ಬ್ಯಾಟ್ಸ್‌ಮನ್ ದಿನಾ ಬೇಗ ಬಂದು ಬಾಲೂ ಎಸೆತಗಳನ್ನು ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಕತೆಯೂ ಇದೆ. ಹೀಗೆ ಗಂಟೆಗಟ್ಟಲೆ ಚೆಂಡು ಎಸೆದ ಹುಡುಗನ ಕೈಗೆ ಅಲ್ಲಿ ಯಾರೂ ಬ್ಯಾಟ್ ಕೊಡಲಿಲ್ಲ.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆ ಪುಣೆಯ ಹಿಂದೂ ತಂಡಕ್ಕಿತ್ತು. ಅದಕ್ಕೆ ಬಾಲೂ ಬೇಕಾಗಿತ್ತು. ತಂಡಕ್ಕೆ ಸೇರಿಸಿಕೊಂಡರು, ಗೆದ್ದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಟೀ ಹೊತ್ತಿನಲ್ಲಿ ಮಾತ್ರ ಅವರನ್ನು ಪೆವಿಲಿಯನ್ ಹೊರಗೆ ಕೂರಿಸಿ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ ಟೀ ಕೊಡುತ್ತಿದ್ದರು. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು. ಇದನ್ನು ಓದುವಾಗ ನನಗೆ ತಾತ ನೆನಪಾದರು. ಅವರು ಚಿಕ್ಕವರಿದ್ದಾಗ ಟೀ ಅಂಗಡಿಯಲ್ಲಿ ಅವರಿಗೆ ತೆಂಗಿನ ಚಿಪ್ಪಿನಲ್ಲಿ ಟೀ ಹೊಯ್ಯುತ್ತಿದ್ದರಂತೆ. ಚಿಪ್ಪು ತೊಳೆದು ಮತ್ತೆ ಸಂದಿಯಲ್ಲಿ ಸಿಕ್ಕಿಸಿ ಬರಬೇಕಿತ್ತಂತೆ.

ಪ್ಲೇಗ್ ಬಂದ ಕಾಲದಲ್ಲಿ ಬಾಲೂ ಬೊಂಬಾಯಿಗೆ ಹೋದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಅವರು ಎರಡೂ ಇನಿಂಗ್ಸ್ ಸೇರಿ 8 ವಿಕೆಟ್ ಕಿತ್ತರು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1911ರ ಇಂಗ್ಲೆಂಡ್ ಪ್ರವಾಸ. ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್ ನಾಯಕ. ತಂಡ ಆಡಿದ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ 10ರಲ್ಲಿ ಸೋತಿತು. ಅಂಥ ತಂಡದಲ್ಲಿ 35 ವರ್ಷದ ಬಾಲೂ, ಕೈನೋವು ಇಟ್ಟುಕೊಂಡೇ, ಎಲ್ಲ ಪಂದ್ಯಗಳೂ ಸೇರಿ 114 ವಿಕೆಟ್ ತೆಗೆದರು. ಸರಾಸರಿ 18.84! ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 8 ವಿಕೆಟ್. ಗೆದ್ದ ಎರಡು ಪಂದ್ಯಗಳು ಲೀಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ವಿರುದ್ಧ. ಸಾಮರ್‌ಸೆಟ್ ಎದುರು ತಮ್ಮ ಶಿವರಾಮ್ ಶತಕ ಹೊಡೆದು ಔಟಾಗದೆ ಉಳಿದರು. ಮೇ ತಿಂಗಳ ಬಿಸಿಲಲ್ಲಿ ಎರಡು ಪಂದ್ಯ ಆಡಿದರೆ ನಮಗೆ ಭುಜ ಎತ್ತಲಾಗುವುದಿಲ್ಲ. ಇವರು ಇಡೀ ಬೇಸಿಗೆ, ಪರದೇಶದ ಪಿಚ್‌ಗಳಲ್ಲಿ, ಒಂದೊಂದು ಪಂದ್ಯಕ್ಕೂ ಬೆನ್ನೆಲುಬಾಗಿ ನಿಂತರು.

ವಾಪಸ್ ಬಂದಾಗ ಬೊಂಬಾಯಿಯಲ್ಲಿ ಸನ್ಮಾನವಾಯಿತು. ಯುವಕ ಅಂಬೇಡ್ಕರ್ ಅವರಿಗೂ ಬಾಲೂ ಎಂದರೆ ಬಹಳ ಅಭಿಮಾನವಿತ್ತು. ಆದರೆ ಹಿಂದೂ ತಂಡದ ನಾಯಕತ್ವ ಮಾತ್ರ ಬಾಲೂ ಕೈಗೆ ಬರಲೇ ಇಲ್ಲ. ವರ್ಷ ವರ್ಷವೂ ಅವರಿಗಿಂತ ಕಡಿಮೆ ಆಡಿದವರು ನಾಯಕರಾದರು. 1920ರಲ್ಲಿ ಇದನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ್, ವಿಠ್ಠಲ್ ತಂಡದಿಂದ ಹೊರನಡೆದರು. ಆಮೇಲೆ ಬಾಲೂ ಅವರನ್ನು ಉಪನಾಯಕ ಮಾಡಲಾಯಿತು, ಪಂದ್ಯದ ನಡುವೆ ಸ್ವಲ್ಪ ಹೊತ್ತು ತಂಡ ನಡೆಸಿದರು. ಅಷ್ಟೇ. 1923ರಲ್ಲಿ ವಿಠ್ಠಲ್ ನಾಯಕರಾದರು, ಹಿಂದೂ ತಂಡ ಗೆದ್ದಿತು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ 56.

ಅದೇ ವರ್ಷ ಅವರು ಪೂನಾ ಒಪ್ಪಂದಕ್ಕೆ ಸಹಿ ಹಾಕಿದ್ದು. ಪ್ರತ್ಯೇಕ ಚುನಾಯಕ ಮಂಡಲದ ವಿಚಾರದಲ್ಲಿ ಅವರು ಅಂಬೇಡ್ಕರ್ ಜತೆ ಇರಲಿಲ್ಲ. 1937ರ ಚುನಾವಣೆಯಲ್ಲಿ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ವಿರುದ್ಧವೇ ನಿಂತು ಸೋತರು. ಇದು ನನಗೆ ಇವತ್ತಿಗೂ ಸರಿಯಾಗಿ ಅರಗಿಲ್ಲ. ಮಣ್ಣಿನ ಲೋಟದಲ್ಲಿ ಟೀ ಕುಡಿದವರು ಯಾಕೆ ಆ ಕಡೆ ನಿಂತರು ಎಂದು ಗೆಳೆಯನ ಜತೆ ಬಸ್ಸಿನಲ್ಲಿ ವಾದ ಮಾಡಿದ್ದೇನೆ. ಪಟ್ಟಿ ಮಾಡುವವರ ಒಳಗೇ ಇದ್ದು ಬದಲಾಯಿಸಬಹುದೆಂದು ಅವರು ನಂಬಿದ್ದರೇನೋ ಎಂದು ಅವನು ಹೇಳಿದ. ನಾನು ಒಪ್ಪಲಿಲ್ಲ.

ಬಾಲೂ 1955ರ ಜುಲೈನಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಅವರ ವಿಕೆಟ್ 179.

ಈ ಕತೆಯನ್ನು ತಾತನಿಗೆ ರಾತ್ರಿ ಜಗಲಿಯಲ್ಲಿ ಕೂತು ಹೇಳಿದೆ. ಲೋಟದ ವಿಷಯಕ್ಕೆ ಅವರೇನೂ ಅನ್ನಲಿಲ್ಲ. ಕೊನೆಗೆ, ಆ ಮನುಷ್ಯನಿಗೆ ಬ್ಯಾಟ್ ಕೊಟ್ಟರೋ ಇಲ್ಲವೋ ಎಂದು ಮಾತ್ರ ಕೇಳಿದರು. ಕೊಟ್ಟರು ತಾತ, 753 ರನ್ ಹೊಡೆದಿದ್ದಾರೆ ಎಂದೆ.