ಅಂಗ ಕಸಿಗೆ ದಾರಿ ತೋರಿದ ಪೀಟರ್ ಮೆಡಾವರ್

ಮೃತರ ಕೈಯನ್ನು ಬದುಕಿರುವವರಿಗೆ ಜೋಡಿಸುವಷ್ಟು ವೈದ್ಯವಿಜ್ಞಾನ ಇಂದು ಮುಂದುವರಿದಿದೆ. ಇದಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರಾದ ಸರ್ ಪೀಟರ್ ಮೆಡಾವರ್ ಶಸ್ತ್ರಚಿಕಿತ್ಸಕರಲ್ಲ, ಪ್ರಾಣಿಶಾಸ್ತ್ರಜ್ಞರು.

1915ರ ಫೆಬ್ರುವರಿ 28ರಂದು ಬ್ರೆಜಿಲ್‌ನಲ್ಲಿ ಜನಿಸಿದ ಮೆಡಾವರ್ ಅವರ ತಂದೆ ಲೆಬನಾನ್ ಮೂಲದವರು, ತಾಯಿ ಬ್ರಿಟಿಷರು. ಆಕ್ಸ್‌ಫರ್ಡ್‌ನಲ್ಲಿ ಶಿಕ್ಷಣ ಪಡೆದ ಅವರನ್ನು ಎರಡನೇ ಮಹಾಯುದ್ಧವು ಸುಟ್ಟಗಾಯಗಳ ಚಿಕಿತ್ಸೆಯ ಸಂಶೋಧನೆಗೆ ಎಳೆದು ತಂದಿತು. ಪರರ ಚರ್ಮವನ್ನು ಕಸಿ ಮಾಡಿದರೆ ಕೆಲವೇ ದಿನಗಳಲ್ಲಿ ಅದು ನಾಶವಾಗುತ್ತಿತ್ತು. ಅದೇ ದಾನಿಯ ಚರ್ಮವನ್ನು ಎರಡನೇ ಬಾರಿ ಹಾಕಿದಾಗ ಇನ್ನೂ ಬೇಗ ನಾಶವಾಗುತ್ತಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಇದಕ್ಕೆ ಕಾರಣವೆಂಬುದನ್ನು ಗ್ಲಾಸ್ಗೋದ ಶಸ್ತ್ರಚಿಕಿತ್ಸಕ ಥಾಮಸ್ ಗಿಬ್ಸನ್ ಜತೆಗೂಡಿ 1943ರಲ್ಲಿ ಅವರು ಪ್ರಕಟಿಸಿದರು.

ಮುಂದಿನ ತಿರುವು ದೊರೆತದ್ದು ದನದ ಕೊಟ್ಟಿಗೆಯಲ್ಲಿ. ಸಹೋದ್ಯೋಗಿ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಜತೆ ಅವಳಿ ಕರುಗಳ ಮೇಲೆ ಪ್ರಯೋಗ ನಡೆಸಿದಾಗ, ತದ್ರೂಪಿಗಳಲ್ಲದ ಅವಳಿಗಳೂ ಪರಸ್ಪರರ ಚರ್ಮವನ್ನು ಒಪ್ಪಿಕೊಂಡಿದ್ದವು. ಗರ್ಭದಲ್ಲಿ ರಕ್ತ ಬೆರೆತು, ಪ್ರತಿ ಕರುವಿನ ದೇಹದಲ್ಲೂ ಇಬ್ಬರ ರಕ್ತಕಣಗಳಿರುತ್ತವೆ ಎಂದು ಅಮೆರಿಕದ ರೇ ಓವೆನ್ 1945ರಲ್ಲಿಯೇ ತೋರಿಸಿದ್ದರು. ಎರಡು ಜೀವಿಗಳ ಕೋಶಗಳು ಒಂದೇ ದೇಹದಲ್ಲಿ ನೆಲೆಸುವ ಈ ಸ್ಥಿತಿಗೆ ಕೈಮೆರಿಸಂ ಎಂದು ಹೆಸರು.

1953ರಲ್ಲಿ ಮೆಡಾವರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್ ಇದನ್ನು ಪ್ರಯೋಗಾಲಯದಲ್ಲಿ ಸಾಧಿಸಿದರು. ಗರ್ಭದಲ್ಲಿರುವಾಗಲೇ ಬೇರೊಂದು ತಳಿಯ ಕೋಶಗಳನ್ನು ಪಡೆದ ಇಲಿಮರಿಗಳು ಬೆಳೆದ ಮೇಲೆ ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಉಳಿಸಿಕೊಂಡವು. ಈ ಸಾಧನೆಗಾಗಿ 1960ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫಾರ್ಲೇನ್ ಬರ್ನೆಟ್ ಜತೆ ಮೆಡಾವರ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ತಮ್ಮ ಪಾಲಿನ ಹಣವನ್ನು ಇಬ್ಬರು ಸಹೋದ್ಯೋಗಿಗಳೊಂದಿಗೂ ಹಂಚಿಕೊಂಡದ್ದು ಅವರ ದೊಡ್ಡತನ.

1969ರಲ್ಲಿ ಎಕ್ಸಿಟರ್‌ನಲ್ಲಿ ಪಾರ್ಶ್ವವಾಯು ಬಡಿಯಿತು. ಎಡಭಾಗ ಸ್ವಾಧೀನ ತಪ್ಪಿದರೂ ಸಂಶೋಧನೆ, ಬರವಣಿಗೆ ನಿಲ್ಲಲಿಲ್ಲ. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. ಮರುವರ್ಷ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಅವರು ನಿಧನರಾದರು.

ಫ್ರಾನ್ಸ್‌ನ ಲಿಯಾನ್‌ನಲ್ಲಿ 1998ರಲ್ಲಿ ಕೈ ಕಸಿ ನಡೆದಾಗ ಮೆಡಾವರ್ ಇರಲಿಲ್ಲ. ಚರ್ಮ, ಸ್ನಾಯು, ಮೂಳೆಗಳೆಲ್ಲ ಸೇರಿದ ಕೈಯಲ್ಲಿ ಹೆಚ್ಚು ತಿರಸ್ಕಾರಕ್ಕೊಳಗಾಗುವುದು ಅವರು ಅಭ್ಯಸಿಸಿದ ಚರ್ಮವೇ. ತಿರಸ್ಕಾರ ತಡೆಯುವ ಔಷಧಗಳನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕು. ಅವು ಸೋಂಕು, ಕ್ಯಾನ್ಸರ್‌ಗಳ ಅಪಾಯವನ್ನು ಹೆಚ್ಚಿಸುತ್ತವೆ. ದಾನಿಯ ಅಸ್ಥಿಮಜ್ಜೆಯನ್ನೂ ನೀಡಿ ದೇಹವನ್ನು ಒಪ್ಪಿಸುವ ಯತ್ನ ಮೂತ್ರಪಿಂಡ ಪಡೆದ ಕೆಲವರಲ್ಲಿ ಫಲಿಸಿದ್ದು, ಔಷಧ ನಿಲ್ಲಿಸಲಾದ ಪ್ರಕರಣಗಳು 2008ರಲ್ಲಿ ಬಾಸ್ಟನ್‌ನಿಂದ ವರದಿಯಾದವು. ಆದರೆ ದಾನಿಯ ಕೋಶಗಳು ರೋಗಿಯ ದೇಹವನ್ನೇ ಆಕ್ರಮಿಸುವ ಅಪಾಯವೂ ಈ ಮಾರ್ಗದಲ್ಲಿದೆ. ಇಲಿಮರಿಗಳಲ್ಲಿ ಮೆಡಾವರ್ ಕಂಡ ಸಹಿಷ್ಣುತೆಯನ್ನು ಪ್ರತಿ ರೋಗಿಗೂ ಸುರಕ್ಷಿತವಾಗಿ ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ.